ಹಲ್ಲಕ್ಕನ ಪಾಲಿಗೆ ಬಂದದ್ದು

ಅವಳಿಗೆ ಹಲ್ಲಕ್ಕ ಎಂಬ ಹೆಸರು ಬಂದದ್ದು ಅವಳ ಹಲ್ಲಿನಿಂದಲ್ಲ, ಊರವರ ಹಲ್ಲಿನಿಂದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ದಂತವೈದ್ಯರೊಬ್ಬರ ಆಸ್ಪತ್ರೆ ಇತ್ತು. ಅದರ ಹಿಂಬದಿಗೆ ಒಂದು ಸಣ್ಣ ಕೋಣೆ. ಗೋಡೆಯ ಫ್ಯಾನು ಬೆಳಗಿನಿಂದ ಸಂಜೆಯವರೆಗೆ ಗುರ್ ಎನ್ನುತ್ತ ಪುಡಿಯನ್ನೂ ವಾಸನೆಯನ್ನೂ ಹೊರಗೆ ತಳ್ಳುತ್ತಿತ್ತು. ಅಲ್ಲಿ ಕೂತು ಇಪ್ಪತ್ತಮೂರು ವರ್ಷದಿಂದ ಅವಳು ಕಟ್ಟುಹಲ್ಲಿನ ಸೆಟ್ಟುಗಳನ್ನು ಮಾಡುತ್ತಿದ್ದಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ ಮುಗಿಯಿತು, ಮಿಕ್ಕಿದ್ದೆಲ್ಲ ಇವಳದು. ಅಚ್ಚಿಗೆ ಗಾರೆ ಹುಯ್ಯುವುದು, ಮೇಣದ ದವಡೆ ಕಟ್ಟುವುದು, ಅದರಲ್ಲಿ ಒಂದೊಂದೇ ಹಲ್ಲು ನೆಡುವುದು, ಮೇಣ ಕರಗಿಸಿ ಗುಲಾಬಿ ಬಣ್ಣದ ಒಸಡು ತುಂಬುವುದು, ಕೊನೆಗೆ ಉಜ್ಜಿ ಹೊಳಪು ಬರಿಸುವುದು. ದಾರಿಯಲ್ಲಿ ಯಾರಾದರೂ ನಕ್ಕರೆ ಸಾಕು, ಯಾವುದು ಹುಟ್ಟಿದ ಹಲ್ಲು, ಯಾವುದು ಕಟ್ಟಿದ ಹಲ್ಲು, ಕಟ್ಟಿದವರು ಕೆಲಸ ಬಲ್ಲವರೋ ಅಲ್ಲವೋ ಎಂದು ನಿಂತ ನಿಲುವಿನಲ್ಲೇ ಹೇಳುತ್ತಿದ್ದಳು. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಬಾಯಿ ನೋಡುವ ಚಾಳಿ ಅವಳಿಗೆ ಅಂಟಿಕೊಂಡಿತ್ತು. ಅದರಿಂದ ಕೆಲವರು ಅವಳಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡಿದ್ದರು.

ಅವಳು ಮದುವೆಯಾಗಲಿಲ್ಲ. ಆದರೆ ಮನೆಯಲ್ಲಿ ಮಗುವಿತ್ತು. ತಂಗಿ ಜ್ವರದಲ್ಲಿ ತೀರಿಕೊಂಡಾಗ ತಂಗಿಯ ಗಂಡ ಆರು ವರ್ಷದ ಮಗಳನ್ನು ಕರೆತಂದು, "ಒಂದಷ್ಟು ದಿನ ಇರ್ಲಿ ಅಕ್ಕ" ಎಂದು ಬಿಟ್ಟುಹೋದ. ಆ ಒಂದಷ್ಟು ದಿನಕ್ಕೆ ಈಗ ಹನ್ನೊಂದು ವರ್ಷ ತುಂಬಿತ್ತು. ಅವನು ಬೇರೆ ಊರಿನಲ್ಲಿ ಬೇರೆ ಮದುವೆಯಾಗಿ ಬೇರೆಯೇ ಸಂಸಾರ ಮಾಡಿಕೊಂಡಿದ್ದ. ಕೋರ್ಟು ಕಚೇರಿ, ಕಾಗದ ಪತ್ರ ಅಂತ ಯಾರೂ ಏನೂ ಮಾಡಿಸಿರಲಿಲ್ಲ. ಹುಡುಗಿ ಇವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಇವಳು ಅವಳನ್ನು ಜೀರುಂಡೆ ಎನ್ನುತ್ತಿದ್ದಳು. ಬಂದ ಮೊದಲ ವಾರ ಸುಮ್ಮನಿದ್ದದ್ದು ಬಿಟ್ಟರೆ ಆ ಹುಡುಗಿಯ ಬಾಯಿ ನಿಂತದ್ದೇ ಇಲ್ಲ.

ಅಂಥ ಜೀರುಂಡೆ ಒಂದು ಮಧ್ಯಾಹ್ನ ಓಡಿಬಂದು ಹಿಂಬದಿಯ ಕೋಣೆಯ ಬಾಗಿಲಲ್ಲಿ ಮಾತಿಲ್ಲದೆ ನಿಂತಳು. ಹಲ್ಲಕ್ಕ ಆಗಷ್ಟೇ ಯಾರದೋ ಕೆಳದವಡೆಗೆ ಒಸಡು ತುಂಬುತ್ತಿದ್ದಳು.

"ದೊಡ್ಡಮ್ಮ, ಸಿಕ್ತು."

"ಏನು ಸಿಕ್ತು? ಏನಾದ್ರೂ ಕಳ್ಕೊಂಡಿದ್ಯಾ?"

ಸಿಕ್ಕಿದ್ದು ವಿಶ್ವವಿದ್ಯಾಲಯದಲ್ಲಿ ಜಾಗ. ಅದೂ ಎಂಥದ್ದು! ಮಂತ್ರಿಗಳ ಮಕ್ಕಳು, ಕಾರ್ಖಾನೆ ಮಾಲೀಕರ ಮಕ್ಕಳು ಓದುವ ಖಾಸಗಿ ವಿಶ್ವವಿದ್ಯಾಲಯ. ಶಾಲೆಯ ಟೀಚರೊಬ್ಬರು ಹುರಿದುಂಬಿಸಿದ್ದರಿಂದ ಹುಡುಗಿ ಮನೆಯಲ್ಲಿ ಹೇಳದೆ ಅರ್ಜಿ ಹಾಕಿದ್ದಳು. ಹಲ್ಲಕ್ಕ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಅಂಕಿ ಇತ್ತು.

"ಇದ್ಯಾರ ಫೋನ್ ನಂಬರು?"

"ಫೋನ್ ನಂಬರಲ್ಲ ದೊಡ್ಡಮ್ಮ. ಒಂದು ವರ್ಷದ ಖರ್ಚು."

ಹಲ್ಲಕ್ಕ ಸ್ಟೂಲಿನ ಮೇಲೆ ಕೂತಳು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಊಟ ಬಟ್ಟೆ ಬಾಡಿಗೆ ಎಲ್ಲ ಬಿಟ್ಟು, ಗಾಳಿ ಕುಡಿದು ಬದುಕಿದರೂ ನಾಲ್ಕೂವರೆ ವರ್ಷ ದುಡಿದರೆ ಅಷ್ಟಾಗುತ್ತಿತ್ತು. ಓದು ನಾಲ್ಕು ವರ್ಷದ್ದು.

"ನಮ್ಮೂರ ಸರ್ಕಾರಿ ಕಾಲೇಜಿಗೆ ಏನಾಗಿದೆ?"

"ಅದು ನಮಗೆ ದುಬಾರಿ," ಎಂದಳು ಹುಡುಗಿ.

ಹಲ್ಲಕ್ಕ ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಹುಡುಗಿ ಕೈ ತಿರುಗಿಸುತ್ತ ವಿವರಿಸಿದಳು. ಸರ್ಕಾರಿ ಕಾಲೇಜಿನ ಶುಲ್ಕ ಕಡಿಮೆ, ಆದರೆ ಹಾಸ್ಟೆಲು, ಊಟ, ಪುಸ್ತಕ ಎಲ್ಲ ನಮ್ಮದೇ. ಈ ದೊಡ್ಡ ಜಾಗದಲ್ಲಿ ಶುಲ್ಕ ಆಕಾಶದಷ್ಟಿದ್ದರೂ, ಮನೆಯ ಪರಿಸ್ಥಿತಿ ನೋಡಿ ನಮ್ಮ ಕೈಲಿ ಎಷ್ಟಾಗುತ್ತೋ ಅಷ್ಟು ತೆಗೆದುಕೊಂಡು ಉಳಿದದ್ದನ್ನು ಅವರೇ ಹಾಕಿಕೊಳ್ಳುತ್ತಾರೆ.

"ಅಂದ್ರೆ, ಅಂಗಡಿಯವನು ಮೊದಲು ನನ್ನ ಪರ್ಸು ಬಿಚ್ಚಿ ನೋಡಿ, ಆಮೇಲೆ ರೇಟು ಹೇಳ್ತಾನೆ?"

"ಹೂಂ."

"ಅಂಥ ಅಂಗಡೀಗೆ ಯಾರಾದ್ರೂ ಹೋಗ್ತಾರಾ?"

"ಪರ್ಸು ಖಾಲಿ ಇದ್ದೋರು ಹೋಗ್ತಾರೆ."

ಮಾತು ಸರಿಯೆನಿಸಿತು. ಆದರೂ ಎಲ್ಲೋ ಏನೋ ತಪ್ಪಿದೆ ಎಂದು ಹಲ್ಲಕ್ಕನಿಗೆ ಅನಿಸುತ್ತಲೇ ಇತ್ತು. ಆ ದಿನ ತುಂಬುತ್ತಿದ್ದ ಒಸಡು ಅಷ್ಟರಲ್ಲಿ ಗಟ್ಟಿಯಾಗಿ ಕೆಟ್ಟುಹೋಗಿತ್ತು. ಮತ್ತೆ ಮೊದಲಿನಿಂದ ಮಾಡಿದಳು.

ಪರ್ಸು ಬಿಚ್ಚಿ ತೋರಿಸಲು ಒಂದು ಅರ್ಜಿಯಿತ್ತು, ಮೂವತ್ತೊಂದು ಪುಟದ್ದು. ಆರು ವಾರದೊಳಗೆ ತುಂಬಿ ಕಳಿಸಬೇಕು. ಭಾನುವಾರ ಬೆಳಿಗ್ಗೆ ಇಬ್ಬರೂ ಊಟದ ಮೇಜು ಖಾಲಿ ಮಾಡಿ ಕೂತರು. ಮೊದಲ ಪುಟದಲ್ಲೇ ಗಾಡಿ ನಿಂತಿತು. ತಿಂಗಳ ಸಂಬಳವೆಷ್ಟು ಎಂದು ಕೇಳಿದ್ದರು. ಹಲ್ಲಕ್ಕನಿಗೆ ಸಂಬಳವೇ ಇರಲಿಲ್ಲ, ಒಂದು ಸೆಟ್ಟಿಗೆ ಇಷ್ಟು ಎಂದು ಕೂಲಿ. ಚಳಿಗಾಲದಲ್ಲಿ ಜನ ಹಲ್ಲು ಕಟ್ಟಿಸುವುದು ಕಡಿಮೆ, ಮದುವೆಗಳ ಕಾಲದಲ್ಲಿ ಜಾಸ್ತಿ. ಸ್ವಂತ ದೋಣಿ ಇದೆಯೇ ಎಂದು ಕೇಳಿದ್ದರು. ಎರಡನೇ ಮನೆ ಇದೆಯೇ ಎಂದಿದ್ದರು. "ಮೊದಲನೇದು ಎಲ್ಲಿದೆ ಅಂತ ಕೇಳೋಕೆ ಜಾಗ ಇಲ್ವಾ?" ಎಂದಳು ಹಲ್ಲಕ್ಕ.

ಹನ್ನೆರಡನೆಯ ಪುಟಕ್ಕೆ ಬಂದಾಗ ನಗು ನಿಂತಿತು. ಅಲ್ಲಿ ತಾಯಿಗೆ ಒಂದು ಚೌಕ, ತಂದೆಗೆ ಒಂದು ಚೌಕ ಇದ್ದವು. ದೊಡ್ಡಮ್ಮನಿಗೆ ಚೌಕವಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ವಿದ್ಯಾರ್ಥಿ ಹೆತ್ತವರೊಡನೆ ಇಲ್ಲದಿದ್ದಲ್ಲಿ, ನ್ಯಾಯಾಲಯದ ಆದೇಶವೂ ಇಲ್ಲದಿದ್ದಲ್ಲಿ, ಬದುಕಿರುವ ಹೆತ್ತವರ ಆದಾಯದ ವಿವರವನ್ನು ಅವರ ಸಹಿಯೊಂದಿಗೆ ಕಳಿಸತಕ್ಕದ್ದು ಎಂದಿತ್ತು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರು?" ಎಂದು ಹಲ್ಲಕ್ಕ ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

ಹುಡುಗಿ ಪುಟ ತಿರುಗಿಸಿ ತಿರುಗಿಸಿ ನೋಡಿದಳು. "ಇಲ್ಲಿ 'ಇತರೆ' ಅಂತ ಒಂದು ಗೆರೆ ಇದೆ," ಎಂದಳು.

ಹಲ್ಲಕ್ಕ 'ಇತರೆ'ಯ ಮುಂದೆ ತನ್ನ ಹೆಸರು ಬರೆದಳು.

ಮುಂದಿನ ಶನಿವಾರ ಅವಳೊಬ್ಬಳೇ ಮೂರು ಗಂಟೆ ಬಸ್ಸಿನಲ್ಲಿ ಕೂತು ತಂಗಿಯ ಗಂಡನ ಊರಿಗೆ ಹೋದಳು. ದಾರಿಯುದ್ದಕ್ಕೂ ಹನ್ನೊಂದು ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತುಗಳನ್ನು ಹರಿತ ಮಾಡಿಕೊಂಡಳು. ಅವನು ಬಸ್ ಡಿಪೋದಲ್ಲಿ ವೇಳೆ ಬರೆಯುವ ಗುಮಾಸ್ತ. ಗೂಡಂಗಡಿಯಷ್ಟು ದೊಡ್ಡ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುತ್ತಿದ್ದ. ಇವಳನ್ನು ಕಂಡು ಎದ್ದು ನಿಂತ. ಮುಖ ಬಿಳಚಿಕೊಂಡಿತು.

"ಮಗು ಚೆನ್ನಾಗಿದ್ಯಾ?"

"ಚೆನ್ನಾಗಿದೆ. ನಿನ್ನತ್ರ ಒಂದು ಕಾಗದ ಬೇಕಾಗಿತ್ತು."

ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಚಹ ಮಾಡಿಕೊಟ್ಟಳು. ಮಾತು ಕಡಿಮೆಯ ಹೆಂಗಸು, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಹಲ್ಲಕ್ಕ ವಿಷಯ ಹೇಳಿದಳು. ಅವನು ದುಡ್ಡು ಕೇಳಲು ಬಂದಳೆಂದು ಮೊದಲೇ ಹೆದರಿ ಕೂತಿದ್ದ.

"ಅಕ್ಕ, ನನ್ನ ಕೈಲಿ ಈಗ..."

"ನಿನ್ನ ದುಡ್ಡು ಬೇಡಪ್ಪ. ನಿನ್ನ ಸಂಬಳ ಇಷ್ಟು, ಮಗಳಿಗೆ ಇಷ್ಟು ವರ್ಷದಲ್ಲಿ ಏನೂ ಕೊಟ್ಟಿಲ್ಲ, ಮುಂದೇನೂ ಕೊಡೋಕಾಗಲ್ಲ ಅಂತ ಬರೆದು ಸಹಿ ಹಾಕು. ಅಷ್ಟೇ."

ಅವನು ಲೋಟ ಕೆಳಗಿಟ್ಟ. "ಏನೂ ಕೊಟ್ಟಿಲ್ಲ ಅಂತ ನನ್ನ ಕೈಯಿಂದಲೇ ಬರೀಬೇಕಾ?"

"ಕೊಟ್ಟಿದ್ರೆ ಕೊಟ್ಟಿದ್ದೀನಿ ಅಂತ ಬರಿ."

ಅವನ ಕಿವಿ ಕೆಂಪಗಾದವು. "ಹಾಗಾದ್ರೆ ಇನ್ಮೇಲೆ ತಿಂಗಳಿಗಿಷ್ಟು ಅಂತ ಕೊಡ್ತೀನಿ. ಹಾಗೇ ಬರಿಯೋಣ. ಅಷ್ಟು ಮರ್ಯಾದೆ ನನಗೂ ಇದೆ," ಎಂದ.

ಹನ್ನೊಂದು ವರ್ಷ ಹಲ್ಲಕ್ಕ ಯಾವ ಮಾತಿಗಾಗಿ ಕಾದಿದ್ದಳೋ ಆ ಮಾತು ಕೊನೆಗೂ ಬಂದಿತ್ತು, ಆದರೆ ಬರಬಾರದ ದಿನ ಬಂದಿತ್ತು. ಅವನು ಕೊಡುತ್ತೇನೆಂದು ಬರೆದರೆ ವಿಶ್ವವಿದ್ಯಾಲಯದವರು ನೆರವಿನಲ್ಲಿ ಅಷ್ಟನ್ನು ಮುರಿದುಕೊಳ್ಳುತ್ತಾರೆ. ಅವನು ಎರಡು ತಿಂಗಳು ಕೊಟ್ಟು ಮೂರನೆಯ ತಿಂಗಳು ನಿಲ್ಲಿಸಿದರೆ ಗತಿಯೇನು? ಬೈಯಲು ಬಂದವಳು ಈಗ ಕೈ ಮುಗಿಯುವಂತಾಯಿತು.

"ದಯವಿಟ್ಟು ಕೊಡ್ಬೇಡ. ನೀನು ಕೊಡದಿದ್ರೇನೇ ಅವಳಿಗೆ ಉಪಕಾರ."

"ಇದೆಂಥ ಲೋಕ ಅಕ್ಕ?"

"ನನಗೂ ಗೊತ್ತಿಲ್ಲ. ಮೂವತ್ತೊಂದು ಪುಟ ಓದಿದ್ದೀನಿ, ಇನ್ನೂ ಗೊತ್ತಾಗಿಲ್ಲ."

ಕೊನೆಗೆ ಅವನ ಹೆಂಡತಿಯೇ ಪೆನ್ನು ತಂದು ಮುಂದಿಟ್ಟಳು. "ಇದ್ದಿದ್ದು ಬರೀರಿ. ಸುಳ್ಳೇನಲ್ವಲ್ಲ," ಎಂದಳು. ಅವನು ಬರೆಯಲು ಕೂತ. ಮಗಳ ಹುಟ್ಟಿದ ದಿನ ಬರೆಯುವಲ್ಲಿ ಹಲ್ಲಕ್ಕ ಹೇಳಿದ ತಾರೀಖು ಕೇಳಿ ಪೆನ್ನು ನಿಲ್ಲಿಸಿದ. "ಅದು ಶಾಲೇಲಿ ತಪ್ಪು ಬರೆಸಿದ್ದು. ಅವಳು ಹುಟ್ಟಿದ್ದು ಅದಕ್ಕೆ ನಾಲ್ಕು ದಿನ ಮುಂಚೆ, ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಆಸ್ಪತ್ರೆ ಗಡಿಯಾರ ಐದು ನಿಮಿಷ ಹಿಂದಿತ್ತು," ಎಂದ. ಆಮೇಲೆ, ದಾಖಲೆಯಲ್ಲಿ ಇರುವ ತಪ್ಪು ತಾರೀಖನ್ನೇ ಬರೆದು ಸಹಿ ಹಾಕಿದ.

ಹರಿತ ಮಾಡಿಕೊಂಡು ಬಂದ ಒಂದು ಮಾತನ್ನೂ ಹಲ್ಲಕ್ಕ ಆಡಲಿಲ್ಲ. ವಾಪಸು ಬಸ್ಸಿನಲ್ಲಿ, ಇಂಥವನ ಮೇಲೆ ಸಿಟ್ಟು ಮಾಡಬೇಕೋ ಬೇಡವೋ ಎಂಬುದು ಅವಳಿಗೆ ಕೊನೆಯ ನಿಲ್ದಾಣದವರೆಗೂ ಬಗೆಹರಿಯಲಿಲ್ಲ.

ಎರಡು ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಒಟ್ಟು ಖರ್ಚು ಇಷ್ಟು. ಅದರಲ್ಲಿ ವಿಶ್ವವಿದ್ಯಾಲಯದ ನೆರವು ಇಷ್ಟು, ಇದನ್ನು ಹಿಂತಿರುಗಿಸಬೇಕಿಲ್ಲ. ವಿದ್ಯಾರ್ಥಿ ವಾರಕ್ಕೆ ಹತ್ತು ಗಂಟೆ ಅಲ್ಲಿನ ಗ್ರಂಥಾಲಯದಲ್ಲಿ ದುಡಿದು ಗಳಿಸುವುದು ಇಷ್ಟು. ಕೊನೆಯ ಸಾಲು, ಕುಟುಂಬದ ಪಾಲು. ಅದು ಹಲ್ಲಕ್ಕನ ಎರಡು ತಿಂಗಳ ಕೂಲಿಯಷ್ಟಿತ್ತು.

ಅವಳು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಯಾರೋ ಮೋಸಗಾರರ ಕೆಲಸವಿರಬೇಕು ಎಂದು ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರ ಮಗನೂ ಹಿಂದಿನ ವರ್ಷ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದ.

"ಅಸಲೀನೇ," ಎಂದರು. ಕನ್ನಡಕ ತೆಗೆದು, "ನನಗೆ ಒಂದು ಬಿಡಿಕಾಸೂ ಬಿಟ್ಟಿಲ್ಲ, ಗೊತ್ತಾ? ಅವನ ಫೀಸಿಗೆ ಈ ಕಟ್ಟಡದ ಮೇಲೆ ಸಾಲ ತೆಗ್ದಿದ್ದೀನಿ," ಎಂದರು.

ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಡಾಕ್ಟರ ಬಗ್ಗೆ ಹಲ್ಲಕ್ಕನಿಗೆ ಅಯ್ಯೋ ಪಾಪ ಅನಿಸಿತು. ಅನಿಸಿದ್ದಕ್ಕೆ ಅವಳಿಗೇ ಗಾಬರಿಯಾಯಿತು. ಡಾಕ್ಟರು ಒಳ್ಳೆಯವರು. ಮನಸ್ಸಿನಲ್ಲಿ ಏನಿತ್ತೋ ಏನೋ, ಮರುವಾರವೇ ದಂತವೈದ್ಯರ ಸಂಘಕ್ಕೆ ಬರೆದು, ಹಲ್ಲು ಕಟ್ಟುವವರ ಮಕ್ಕಳಿಗೆಂದು ಇದ್ದ ವಿದ್ಯಾರ್ಥಿವೇತನವನ್ನು ಹುಡುಗಿಗೆ ಕೊಡಿಸಿದರು. ಮೊತ್ತ ಹೆಚ್ಚು ಕಡಿಮೆ ಎರಡು ತಿಂಗಳ ಕೂಲಿಯಷ್ಟೇ. "ನಿನ್ನ ಪಾಲು ಇದರಲ್ಲೇ ತೀರಿತು, ಹೋಗು," ಎಂದರು. ಹಲ್ಲಕ್ಕ ಆ ದಿನ ಬೀದಿಯ ಕೊನೆಯ ಅಂಗಡಿಯಿಂದ ಹುಡುಗಿಗೆ ಒಂದು ಒಳ್ಳೆಯ ಸೂಟ್‌ಕೇಸು ಕೊಂಡು ತಂದಳು.

ಹೊರಗಿನಿಂದ ಯಾವ ವಿದ್ಯಾರ್ಥಿವೇತನ ಬಂದರೂ ತಿಳಿಸಬೇಕೆಂಬ ನಿಯಮವಿತ್ತು. ಹುಡುಗಿ ತಿಳಿಸಿದಳು. ತಕ್ಷಣ ಇನ್ನೊಂದು ಕಾಗದ ಬಂತು. ಸಂಘದ ವೇತನ ಒಂದು ಸಾಲಿನಲ್ಲಿ ಸೇರಿತ್ತು. ವಿಶ್ವವಿದ್ಯಾಲಯದ ನೆರವು ಸರಿಯಾಗಿ ಅಷ್ಟೇ ಇಳಿದಿತ್ತು. ಕುಟುಂಬದ ಪಾಲು ಇದ್ದಲ್ಲೇ ಇತ್ತು, ಕದಲಿರಲಿಲ್ಲ.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋದು ಕೇಳಿದ್ದೆ," ಎಂದಳು ಹಲ್ಲಕ್ಕ. "ಇಲ್ಲಿ ಇಸ್ಕೊಂಡೋರೇ ಕೋಡಂಗಿ ಆದ್ವಲ್ಲ!"

ಹುಡುಗಿಯನ್ನು ಸೇರಿಸಲು ಹೋದ ದಿನ ಸೂಟ್‌ಕೇಸನ್ನು ಹಾಸ್ಟೆಲಿನಲ್ಲಿ ಇಳಿಸಿ, ಹಲ್ಲಕ್ಕ ನೇರವಾಗಿ ನೆರವಿನ ಕಚೇರಿ ಹುಡುಕಿಕೊಂಡು ಹೋದಳು. ಎತ್ತರದ ಕಿಟಕಿಗಳ ಕೋಣೆ, ಕಾಲಿಟ್ಟರೆ ಸದ್ದಾಗದ ನೆಲಹಾಸು. ಮೇಜಿನ ಹಿಂದೆ ತುಂಡುಗೂದಲಿನ ಹೆಂಗಸು, ಮೇಲಿನ ಎಡ ಕೋರೆಹಲ್ಲು ಸ್ವಲ್ಪ ಸೊಟ್ಟ. ಹಲ್ಲಕ್ಕ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟಳು.

"ಮೇಡಂ, ಸಂಘದೋರು ದುಡ್ಡು ಕೊಟ್ಟಿದ್ದು ನಮ್ಮ ಹುಡುಗೀಗಾ, ನಿಮಗಾ?"

ಆ ಹೆಂಗಸಿಗೆ ಸಿಟ್ಟು ಬರಲಿಲ್ಲ. ಈ ಪ್ರಶ್ನೆ ಅವಳಿಗೆ ಹೊಸದಲ್ಲವೆಂದು ತೋರಿತು. "ಅಮ್ಮಾ, ಒಂದು ಬಕೆಟ್ ಇದೆ ಅಂದ್ಕೊಳ್ಳಿ," ಎಂದು ಶುರು ಮಾಡಿದಳು. "ಅದು ನಿಮ್ಮ ಅಗತ್ಯ. ಅದನ್ನ ತುಂಬಿಸೋದು ನಮ್ಮ ಜವಾಬ್ದಾರಿ. ಬೇರೆಯವರು ಒಂದು ಚೊಂಬು ಹಾಕಿದ್ರೆ ನಾವು ಒಂದು ಚೊಂಬು ಕಡಿಮೆ ಹಾಕ್ತೀವಿ. ಬಕೆಟ್ ತುಂಬಿದ್ಮೇಲೆ ಹಾಕಿದ್ರೆ ಚೆಲ್ಲುತ್ತೆ."

"ನನ್ನ ಪಾಲು ಬಕೆಟ್ಟಲ್ಲಿ ಇಲ್ವಾ?"

"ಇಲ್ಲ. ಅದು ಬಕೆಟ್ಟಿನ ಹೊರಗೆ."

"ಹೊರಗೆ ಎಲ್ಲಿ?"

ಆ ಹೆಂಗಸು ಕುರ್ಚಿ ತಿರುಗಿಸಿದಳು. ಕಂಪ್ಯೂಟರು ನೋಡಿದಳು. "ಒಂದು ದಾರಿ ಇದೆ," ಎಂದಳು. "ಹೊರಗಿನ ವೇತನವನ್ನ ನೆರವಿನಿಂದ ಕಳೀಬೇಕಾ, ಅವಳು ಮಾಡೋ ಕೆಲಸದಿಂದ ಕಳೀಬೇಕಾ ಅಂತ ನೀವು ಆರಿಸ್ಬೋದು. ಅರ್ಜೀಲಿ ಆ ಚೌಕಕ್ಕೆ ನೀವು ಗುರುತು ಹಾಕಿಲ್ಲ. ಗುರುತಿಲ್ಲದಿದ್ರೆ ನೆರವಿನಿಂದಲೇ ಕಳೀತೀವಿ."

"ಕೆಲಸದಿಂದ ಕಳೆದ್ರೆ ದುಡ್ಡೆಷ್ಟು ಉಳಿಯುತ್ತೆ?"

"ದುಡ್ಡು ಉಳಿಯಲ್ಲ. ವಾರಕ್ಕೆ ಹತ್ತು ಗಂಟೆ ಉಳಿಯುತ್ತೆ. ಅವಳು ಗ್ರಂಥಾಲಯದಲ್ಲಿ ದುಡೀಬೇಕಾಗಿಲ್ಲ."

ಹಲ್ಲಕ್ಕ ಕಣ್ಣು ಕಣ್ಣು ಬಿಟ್ಟಳು. ಗುರುತು ಹಾಕಿ ಬಂದಳು. ಊರಿಗೆ ಮರಳಿದ ಮೇಲೆ ಡಾಕ್ಟರು ಏನಾಯಿತೆಂದು ಕೇಳಿದಾಗ, "ನಿಮ್ಮ ಸಂಘದೋರು ನಮ್ಮ ಹುಡುಗೀಗೆ ವಾರಕ್ಕೆ ಹತ್ತು ಗಂಟೆ ಕೊಟ್ಟಿದ್ದಾರೆ ಸರ್," ಎಂದಳು. ಡಾಕ್ಟರು ತಲೆಯಾಡಿಸಿದರು. ಅವರಿಗೂ ಅರ್ಥವಾದಂತೆ ಕಾಣಲಿಲ್ಲ. ಆದರೆ ಮಜಾ ಏನೆಂದರೆ, ಗ್ರಂಥಾಲಯದ ಕೆಲಸ ಜೀರುಂಡೆಗೆ ಬೇಕೇ ಇತ್ತಂತೆ. "ಪುಸ್ತಕ ಜೋಡಿಸ್ತಾ ಓದ್ಬೋದಿತ್ತು ದೊಡ್ಡಮ್ಮ, ಯಾಕೆ ತಪ್ಪಿಸ್ದೆ?" ಎಂದು ಫೋನಿನಲ್ಲಿ ಮುನಿಸಿಕೊಂಡಳು. ಅವಳು ಅಲ್ಲಿ ಓದಲು ಆರಿಸಿಕೊಂಡದ್ದು ಕಲ್ಲು ಮಣ್ಣಿನ ಶಾಸ್ತ್ರ. ಮಣ್ಣಿನ ವಿಷಯ ಓದಲು ಅಷ್ಟು ದುಬಾರಿ ನೆಲಹಾಸಿನ ಮೇಲೆ ಯಾಕೆ ನಡೆಯಬೇಕು ಎಂಬುದನ್ನು ಹಲ್ಲಕ್ಕ ಕೇಳಲಿಲ್ಲ. ಕೇಳಿದರೆ ಉತ್ತರ ಇನ್ನೊಂದು ಬಕೆಟ್ ಆಗಬಹುದೆಂಬ ಹೆದರಿಕೆ.

ಪಾಲು ಕಟ್ಟಲೇಬೇಕಿತ್ತಲ್ಲ, ಅದಕ್ಕೆಂದು ಮೊದಲ ವರ್ಷ ಪಕ್ಕದ ಬೀದಿಯ ಇನ್ನೊಬ್ಬ ದಂತವೈದ್ಯರ ಕೆಲಸವನ್ನೂ ಹಿಡಿದಳು. ಭಾನುವಾರವೂ ಕೂತು ಮಾಡಿದಳು. ಪಾಲು ಕಟ್ಟಿ ಮುಗಿಸಿ ಉಸಿರು ಬಿಟ್ಟಳು. ಅರ್ಜಿಯನ್ನೂ ತಂದೆಯ ಕಾಗದವನ್ನೂ ವರ್ಷವರ್ಷವೂ ಹೊಸದಾಗಿ ಕಳಿಸಬೇಕಿತ್ತು. ಎರಡನೇ ವರ್ಷದ ಅರ್ಜಿಯಲ್ಲಿ ಹೆಚ್ಚಿನ ಸಂಪಾದನೆಯನ್ನು ಇದ್ದದ್ದಿದ್ದಂತೆ ಬರೆದಳು. ಪಾಲು ಎರಡು ತಿಂಗಳ ಕೂಲಿಯಿಂದ ಮೂರು ತಿಂಗಳ ಕೂಲಿಗೆ ಏರಿತು.

"ಪಾಲು ಕಟ್ಟೋಕೆ ಅಂತ ದುಡಿದೆ ಮೇಡಂ. ದುಡಿದಿದ್ದಕ್ಕೇ ಪಾಲು ಜಾಸ್ತಿ ಆಯ್ತಾ?" ಎಂದು ನೆರವಿನ ಕಚೇರಿಗೆ ಫೋನು ಮಾಡಿದಳು.

"ಹೌದಮ್ಮ," ಎಂದಳು ಸೊಟ್ಟ ಕೋರೆಹಲ್ಲಿನ ಹೆಂಗಸು. ದನಿಯಲ್ಲಿ ನಾಚಿಕೆಯಿತ್ತು. ನಂತರ, "ಇನ್ನೊಂದು ವಿಷಯ. ತಂದೆಯವರ ಕಾಗದ ಬಂದಿದೆ. ಅದರ ಕೆಳಗೆ ಕೈಯಲ್ಲಿ ಒಂದು ಸಾಲು ಬರೆದಿದ್ದಾರೆ. 'ಈ ವರ್ಷ ಮಗಳಿಗೆ ಒಂದು ಜೊತೆ ಶೂ ಕೊಡಿಸಿರುತ್ತೇನೆ' ಅಂತ. ಅದರ ಬೆಲೆ ಎಷ್ಟು?" ಎಂದು ಕೇಳಿದಳು.

ಹಲ್ಲಕ್ಕ ಅವನಿಗೆ ಆ ವರ್ಷ ಕಾಗದದ ಸುದ್ದಿಯನ್ನೇ ಎತ್ತಿರಲಿಲ್ಲ. ಅವನೇ ತಾನಾಗಿ, ಬಸ್ಸಿನ ವೇಳೆಯಂತೆ ತಪ್ಪದೆ, ಗಡುವಿಗೆ ಹತ್ತು ದಿನ ಮುಂಚೆ ಕಳಿಸಿದ್ದ. ಮುಂದೆಯೂ ಹಾಗೇ ಕಳಿಸುತ್ತಿದ್ದ. ಶೂ ಕೊಡಿಸಿದ್ದು ನಿಜವೇ ಎಂದು ಜೀರುಂಡೆಯನ್ನು ಕೇಳಿದರೆ, ಬಾಯಿಯೇ ಬಂದಾಗದ ಆ ಹುಡುಗಿ "ಹೂಂ, ಬಂದಿದ್ರು" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋದಳು. ಹಲ್ಲಕ್ಕ ಕೆದಕಲಿಲ್ಲ. ತನಗೆ ಹೇಳದೆ ನಡೆಯಿತು ಎಂಬುದು ನಿಜ. ಹುಡುಗಿಗೆ ಶೂ ಬೇಕಿತ್ತು ಎಂಬುದೂ ನಿಜವೇ.

ಮೂರನೇ ವರ್ಷಕ್ಕೆ ಹೆಚ್ಚಿನ ದುಡಿಮೆ ಮಣಿಕಟ್ಟಿಗೆ ಬಂತು. ಬಲಗೈ ಊದಿಕೊಂಡು, ಚಿಮಟ ಹಿಡಿಯಲಾಗದೆ ಎರಡು ತಿಂಗಳು ಮನೆಯಲ್ಲಿ ಕೂತಳು. ಅದನ್ನೂ ಬರೆದಳು. ಪಾಲು ಬಹುತೇಕ ಸೊನ್ನೆಗೆ ಇಳಿಯಿತು. ಕಾಗದ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೈ ಚೆನ್ನಾಗಿದ್ದಾಗ ಕೈಯಿಂದ ಕಿತ್ತುಕೊಂಡರು, ಕೈ ಕೆಟ್ಟಾಗ ಕೈ ಹಿಡಿದರು. ಇದು ನ್ಯಾಯವೋ ಅನ್ಯಾಯವೋ ಎಂದು ಡಾಕ್ಟರ ಹತ್ತಿರ ಚರ್ಚೆ ಮಾಡಿದಳು. ಸೋಮವಾರ ಇಬ್ಬರೂ ನ್ಯಾಯ ಎಂದರು, ಗುರುವಾರ ಇಬ್ಬರೂ ಅನ್ಯಾಯ ಎಂದರು.

ಅದೇ ವರ್ಷ, ಕೈ ಸರಿಹೋದ ಮೇಲೆ, ವಿಶ್ವವಿದ್ಯಾಲಯದಿಂದ ಊಟಕ್ಕೆ ಕರೆ ಬಂತು. ನೆರವಿನ ದುಡ್ಡು ಆಕಾಶದಿಂದ ಬೀಳುವುದಲ್ಲ, ಒಬ್ಬೊಬ್ಬ ಹುಡುಗರ ಹಿಂದೆ ಒಬ್ಬೊಬ್ಬ ದಾನಿ ಇರುತ್ತಾರೆ, ವರ್ಷಕ್ಕೊಮ್ಮೆ ಹುಡುಗರು ಅವರಿಗೆ ಧನ್ಯವಾದದ ಪತ್ರ ಬರೆಯುತ್ತಾರೆ ಎಂಬುದು ಹಲ್ಲಕ್ಕನಿಗೆ ಗೊತ್ತಿತ್ತು. ಜೀರುಂಡೆಯ ದಾನಿ ಒಬ್ಬ ಅಜ್ಜಿ. ಗಂಡ ಹಾಸಿಗೆಯ ಕಾರ್ಖಾನೆ ನಡೆಸಿ ತೀರಿಹೋಗಿದ್ದ. ಆ ಅಜ್ಜಿ ಮೂರು ವರ್ಷದಲ್ಲಿ ಯಾರ ಜೊತೆಗೂ ಊಟಕ್ಕೆ ಬಂದವಳಲ್ಲವಂತೆ, ಈ ಸಲ ಬಲವಂತ ಮಾಡಿ ಕರೆಸಿದ್ದರು.

ಬಿಳಿ ಬಟ್ಟೆ ಹಾಸಿದ ದುಂಡು ಮೇಜಿನಲ್ಲಿ ಹಲ್ಲಕ್ಕನನ್ನು ಅಜ್ಜಿಯ ಪಕ್ಕದಲ್ಲೇ ಕೂರಿಸಿದರು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಧನ್ಯವಾದ ಅವಳಿಗೆ ಮರೆತೇಹೋಯಿತು, ಏಕೆಂದರೆ ಕಣ್ಣು ಅಜ್ಜಿಯ ಬಾಯಿಗೆ ಹೋಗಿತ್ತು. ಮೇಲಿನ ಸೆಟ್ಟು ಸಡಿಲ. ಮಾತಿಗೊಮ್ಮೆ ಟಕ್ ಎನ್ನುತ್ತಿತ್ತು. ಅಜ್ಜಿ ಕೈಯನ್ನು ತುಟಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಎಲ್ಲರ ಮುಂದೆ ತಟ್ಟೆ ತುಂಬಿತ್ತು, ಅಜ್ಜಿ ಮಾತ್ರ ಸೂಪಿನಲ್ಲಿ ಚಮಚ ಆಡಿಸುತ್ತಿದ್ದಳು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬುದು ಕಣ್ಣೆದುರು ಕೂತಂತಿತ್ತು. ಹಲ್ಲಕ್ಕ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಬಗ್ಗಿ ಮೆಲ್ಲಗೆ ಕೇಳಿಯೇಬಿಟ್ಟಳು.

"ಅಮ್ಮಾ, ಮೇಲಿನದು ಎಷ್ಟು ವರ್ಷದ್ದು?"

ಅಜ್ಜಿಯ ಚಮಚ ನಿಂತಿತು. ಎದುರಿಗಿದ್ದ ಜೀರುಂಡೆಯ ಮುಖ ಕಪ್ಪಿಟ್ಟಿತು. ಅಜ್ಜಿ ಸುತ್ತ ನೋಡಿ, "ಒಂಬತ್ತು," ಎಂದಳು ಅಷ್ಟೇ ಮೆಲ್ಲಗೆ. "ತುಂಬಾ ಗೊತ್ತಾಗುತ್ತಾ?"

"ನನಗೆ ಗೊತ್ತಾಗುತ್ತೆ. ನನ್ನ ಕೆಲಸ ಅದೇ. ಒಸಡು ಕರಗಿದೆ, ಸೆಟ್ಟು ಹಾಗೇ ಇದೆ. ನಿಮ್ಮ ತಪ್ಪಲ್ಲ."

"ಇಷ್ಟು ದಿನ ಒಬ್ರೂ ನನಗೆ ಹೇಳಲಿಲ್ಲ," ಎಂದಳು ಅಜ್ಜಿ. "ನನ್ನ ಮಕ್ಕಳೂ ಹೇಳಲಿಲ್ಲ."

ಹೊರಗೆ ಬಂದ ಮೇಲೆ ಜೀರುಂಡೆ ಹಣೆ ಹಣೆ ಚಚ್ಚಿಕೊಂಡಳು. "ದಾನ ಕೊಟ್ಟ ಎಮ್ಮೆ ಹಲ್ಲು ಎಣಿಸ್ಬಾರ್ದು ಅಂತಾರೆ. ನೀನು ದಾನ ಕೊಟ್ಟೋರ ಹಲ್ಲನ್ನೇ ಎಣಿಸಿಬಿಟ್ಯಲ್ಲ ದೊಡ್ಡಮ್ಮ!"

ನೆರವು ನಿಂತೇಹೋಯಿತೆಂದು ಇಬ್ಬರೂ ಹೆದರಿದರು. ನಿಲ್ಲಲಿಲ್ಲ. ಹದಿನೈದು ದಿನದ ಮೇಲೆ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಉದ್ದನೆಯ ಕಾರೊಂದು ಬಂದು ನಿಂತಿತು. ಡಾಕ್ಟರು ಅಚ್ಚು ತೆಗೆದರು. ಹಲ್ಲಕ್ಕ ಆ ಸೆಟ್ಟಿಗೆ ಒಂಬತ್ತು ದಿನ ತೆಗೆದುಕೊಂಡಳು. ಮುಂದಿನ ಹಲ್ಲುಗಳನ್ನು ತೀರಾ ಸಾಲಾಗಿ ನೆಡದೆ, ಅಜ್ಜಿ ತಂದಿದ್ದ ಮದುವೆಯ ಫೋಟೋ ನೋಡಿ, ಒಂದನ್ನು ಕೂದಲೆಳೆಯಷ್ಟು ಓರೆ ಮಾಡಿದಳು. ಹಾಕಿಕೊಂಡ ಅಜ್ಜಿ ಕನ್ನಡಿ ಹಿಡಿದು ತುಂಬಾ ಹೊತ್ತು ಕೂತಳು. ಆಮೇಲೆ ಡಾಕ್ಟರ ಬಿಲ್ಲು ಕಟ್ಟಿ, ಹಿಂಬದಿಯ ಕೋಣೆಗೆ ತಾನೇ ನಡೆದು ಬಂದು ಒಂದು ಲಕೋಟೆ ಕೊಟ್ಟಳು.

"ಬೇಡ ಅಮ್ಮ. ನೀವು ಆಗ್ಲೇ ಎಷ್ಟೋ ಕೊಡ್ತಿದ್ದೀರಿ."

"ಅದು ದಾನ. ಇದು ಕೂಲಿ. ಎರಡನ್ನೂ ಸೇರಿಸ್ಬೇಡ," ಎಂದಳು ಅಜ್ಜಿ. ಟಕ್ ಎಂಬ ಸದ್ದಿರಲಿಲ್ಲ.

ಲಕೋಟೆಯಲ್ಲಿ ಆರು ಸೆಟ್ಟಿನ ಕೂಲಿ ಇತ್ತು. ಹಲ್ಲಕ್ಕ ಅದನ್ನು ಕಪಾಟಿನಲ್ಲಿಟ್ಟು ಎರಡು ವಾರ ಮುಟ್ಟಲಿಲ್ಲ. ಕೊನೆಯ ವರ್ಷದ ಅರ್ಜಿ ತುಂಬುವಾಗ ಅದನ್ನು ಯಾವ ಸಾಲಿನಲ್ಲಿ ಬರೆಯುವುದು? ಸಂಪಾದನೆ ಎಂದರೆ ಒಂದು ಸೆಟ್ಟಿಗೆ ಆರು ಪಟ್ಟು ಯಾರು ಕೊಡುತ್ತಾರೆ? ಉಡುಗೊರೆ ಎಂದರೆ ಅಜ್ಜಿ ಅಲ್ಲವೆಂದಿದ್ದಾಳೆ. ನೆರವು ಎಂದರೆ ಅದು ಬಕೆಟ್ಟಿಗೆ ಹೋಗುತ್ತದೆ. ಮತ್ತೆ ಫೋನು ಮಾಡಿದಳು.

"ನಮ್ಮ ದಾನಿಯವರು ನಿಮಗೆ ದುಡ್ಡು ಕೊಟ್ರಾ? ಯಾಕೆ?" ಎಂದಳು ಕಚೇರಿಯ ಹೆಂಗಸು.

"ಹಲ್ಲು ಕಟ್ಟಿಕೊಟ್ಟೆ."

ಫೋನಿನ ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು. "ಎರಡು ದಿನ ಕೊಡಿ ಅಮ್ಮ. ಮೇಲಿನವರನ್ನ ಕೇಳ್ತೀನಿ," ಎಂದಳು. ಎರಡು ದಿನ ಎರಡು ವಾರವಾಯಿತು. ಮೇಲಿನವರು ಅವರ ಮೇಲಿನವರನ್ನು ಕೇಳಿದರಂತೆ. ಕೊನೆಗೆ 'ಇತರೆ' ಎಂಬಲ್ಲಿ ಬರೆಯಿರಿ ಎಂದರು. ಪಾಲು ಒಂದು ಸೆಟ್ಟಿನ ಕೂಲಿಯಷ್ಟು ಏರಿತು. ಹಲ್ಲಕ್ಕ ಆ ಸಲ ಕಾರಣ ಕೇಳಲಿಲ್ಲ, ಕಟ್ಟಿದಳು.

ಹುಡುಗಿ ಓದು ಮುಗಿಸಿದಳು. ಈಗ ನಗರದ ನೀರಿನ ಇಲಾಖೆಯಲ್ಲಿ, ಎಲ್ಲಿ ನೆಲ ತೋಡಿದರೆ ಎಷ್ಟು ಆಳಕ್ಕೆ ಎಂಥ ನೀರು ಎಂದು ಅಳೆಯುವ ಕೆಲಸ. ಬೂಟಿನ ತುಂಬ ಕೆಸರು ಮಾಡಿಕೊಂಡು ಮನೆಗೆ ಬರುತ್ತಾಳೆ, ಬಂದವಳೇ ಮಾತು ಶುರು ಮಾಡುತ್ತಾಳೆ. ಹಲ್ಲಕ್ಕ ಮಣಿಕಟ್ಟಿನ ದೆಸೆಯಿಂದ ಅರ್ಧ ದಿನ ಮಾತ್ರ ಕೆಲಸ ಮಾಡುತ್ತಾಳೆ. ಬೀದಿಯಲ್ಲಿ ಯಾರ ಮಕ್ಕಳಿಗಾದರೂ ದೊಡ್ಡ ಕಾಲೇಜಿನ ಅರ್ಜಿ ಬಂದರೆ ಅವಳ ಬಳಿ ತರುತ್ತಾರೆ. ಯಾವ ಚೌಕಕ್ಕೆ ಗುರುತು ಹಾಕಬೇಕೆಂದು ಅವಳು ಬೆರಳಿಟ್ಟು ತೋರಿಸುತ್ತಾಳೆ. ಯಾಕೆ ಎಂದು ಕೇಳಿದರೆ, "ಯಾಕೆ ಅಂತ ನನ್ನ ಕೇಳ್ಬೇಡಿ, ಹಾಕಿ," ಎನ್ನುತ್ತಾಳೆ.

ಓದು ಮುಗಿದ ಎರಡು ತಿಂಗಳಿಗೆ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂದಿತ್ತು, ಒಂದೇ ಹಾಳೆಯದು. ಕೊಡಬೇಕಾದ್ದು, ಸೊನ್ನೆ. ಖಾತೆ ಮುಚ್ಚಿದೆ. ಹಲ್ಲಕ್ಕ ಹಾಳೆಯ ಹಿಂಬದಿ ತಿರುಗಿಸಿ ನೋಡಿದಳು, ಅಲ್ಲೂ ಏನೂ ಇರಲಿಲ್ಲ. ಕಚೇರಿಗೆ ಫೋನು ಮಾಡಿದಳು.

"ಇನ್ನೇನೂ ಇಲ್ವಾ ಮೇಡಂ?"

"ಏನೂ ಇಲ್ಲಮ್ಮ. ಎಲ್ಲ ಮುಗೀತು."

"ನಿಜವಾಗ್ಲೂ?"

"ನಿಜವಾಗ್ಲೂ."

ಹಲ್ಲಕ್ಕ ಸ್ವಲ್ಪ ಯೋಚಿಸಿ, "ಯಾವುದಕ್ಕೂ ಇನ್ನೊಂದ್ಸಲ ನೋಡಿ ಹೇಳಿ," ಎಂದು ಫೋನು ಹಿಡಿದುಕೊಂಡೇ ನಿಂತಳು.